ಇಪ್ಪತ್ತನಾಲ್ಕು ಅಂಕಗಳ ಲೆಕ್ಕ

(ಶತಮಾನೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷದ ಸಂಭ್ರಮದಲ್ಲಿ ಗಣಿತದ ಅಂಕಗಳ ಮಾತೇಕೆಂದು ನಿಮಗೆ ಅನಿಸಬಹುದು. ಗಣಿತ ನಮ್ಮ ವಿಷಯವೂ ಅಲ್ಲ. ನಾವು ಕನ್ನಡದಲ್ಲಿ ಎಂ.ಎ. ಮುಗಿಸಿ, ಬಿ.ಎಡ್. ಪಡೆದು ಈ ಅಂಗಳಕ್ಕೆ ಬಂದವರು. ಆದರೆ ಬರುವ ಶೈಕ್ಷಣಿಕ ವರ್ಷದಲ್ಲಿ ಹತ್ತನೆಯ ತರಗತಿಗೆ ಕಾಲಿಡುವ ಮಕ್ಕಳ ಮುಂದೆ ಹೊಸದೊಂದು ಮೆಟ್ಟಿಲು ನಿಂತಿದೆ. ಅದರ ಎತ್ತರವನ್ನು ಊರವರೆಲ್ಲ ತಿಳಿದಿರಬೇಕು.

ಕೇರಳದ ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತಕ್ಕೆ 100 ಅಂಕ. 80 ಲಿಖಿತ ಪರೀಕ್ಷೆಗೆ, 20 ನಿರಂತರ ಮೌಲ್ಯಮಾಪನಕ್ಕೆ. ಎರಡೂ ಸೇರಿ 30 ದೊರೆತರೆ ಡಿ ಪ್ಲಸ್. ಮುಂದಿನ ಓದಿಗೆ ಅಷ್ಟು ಸಾಕಿತ್ತು. ನಿರಂತರ ಮೌಲ್ಯಮಾಪನದಲ್ಲಿ 20ಕ್ಕೆ 20 ಕೊಡುವ ಔದಾರ್ಯ ಅಪರೂಪವೇನಲ್ಲ. ಹಾಗೆ ಪಡೆದ ಮಗು ಲಿಖಿತ ಪರೀಕ್ಷೆಯಲ್ಲಿ 10 ಅಂಕ ಗಳಿಸಿದರೂ ತೇರ್ಗಡೆಯಾಗುತ್ತಿತ್ತು. ಇನ್ನು ಮೇಲೆ ಲಿಖಿತ ಪರೀಕ್ಷೆಯಲ್ಲೇ ಪ್ರತಿಯೊಂದು ವಿಷಯಕ್ಕೂ ಶೇಕಡಾ 30 ಬೇಕು. ಗಣಿತದಲ್ಲಿ ಅದು 24 ಅಂಕ. ಈ ನಿಯಮ 2024-25ರಲ್ಲಿ ಎಂಟನೆಯ ತರಗತಿಗೆ ಬಂತು, 2025-26ರಲ್ಲಿ ಒಂಬತ್ತಕ್ಕೆ. 2026-27ರಲ್ಲಿ ಹತ್ತಕ್ಕೆ ಎಂದು ಸರಕಾರ ಪ್ರಕಟಿಸಿದೆ. ಎಂಟರಲ್ಲಿ ಹಿಂದುಳಿದವರಿಗೆ ವಿಶೇಷ ತರಗತಿಯಿದೆ, ಮರುಪರೀಕ್ಷೆಯಿದೆ, ಮೇಲಿನ ತರಗತಿಯ ಬಾಗಿಲು ಮುಚ್ಚುವುದಿಲ್ಲ. ಹತ್ತರ ಮಾತು ಬೇರೆ.

ನಿಯಮ ತಪ್ಪೆಂದು ನಾವು ಹೇಳುವುದಿಲ್ಲ. 80ರಲ್ಲಿ 10 ಅಂಕ ಪಡೆದ ಮಗುವಿನ ಕೈಗೆ ಪ್ರಮಾಣಪತ್ರ ಕೊಡುವಾಗ ನಮ್ಮ ಕೈ ಎಷ್ಟೋ ಬಾರಿ ಹಿಂಜರಿದಿದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ವಿನಾಯಿತಿ ಕೇಳೋಣವೆಂದು ಕೆಲವು ಹಿರಿಯರು ಸಲಹೆ ಕೊಟ್ಟರು. ಅವರ ಪ್ರೀತಿಗೆ ತಲೆಬಾಗುತ್ತೇವೆ, ಸಲಹೆಯನ್ನು ಒಪ್ಪಲಾರೆವು. ನಮ್ಮ ಮಕ್ಕಳಿಗೆ ಕಡಿಮೆ ಗಣಿತ ಸಾಕೆಂದು ನಾವೇ ಬರೆದುಕೊಟ್ಟಂತಾಗುವುದಿಲ್ಲವೇ?

ಕಳೆದ ವರ್ಷ ಎಂಟನೆಯ ತರಗತಿಯ ಉತ್ತರಪತ್ರಿಕೆಗಳನ್ನು ಎದುರಿಗಿಟ್ಟುಕೊಂಡು ಕುಳಿತೆವು. ಬರಿಯ ಅಂಕಿಗಳಿದ್ದ ಲೆಕ್ಕವನ್ನು ಬಹುತೇಕ ಮಕ್ಕಳು ಮಾಡಿದ್ದರು. ನಾಲ್ಕು ಸಾಲಿನ ವಾಕ್ಯವಾಗಿ ಬಂದ ಪ್ರಶ್ನೆಯ ಕೆಳಗೆ ಖಾಲಿ ಜಾಗ. ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಮರಾಠಿ ಆಡುವ ಮಕ್ಕಳಿವರು. ಅವರಿಗೆ ಕನ್ನಡವೇ ಶಾಲೆಯ ಭಾಷೆ, ಗಣಿತದ ಕನ್ನಡ ಅದರೊಳಗಿನ ಇನ್ನೊಂದು ಭಾಷೆ.

ಕೆಲವು ವರ್ಷಗಳ ಹಿಂದೆ ನಮ್ಮ ಗಣಿತದ ಹುದ್ದೆಗೆ ಕನ್ನಡ ಬಾರದ ಅಧ್ಯಾಪಕರೊಬ್ಬರು ನೇಮಕಗೊಂಡರು. ವಿಷಯದಲ್ಲಿ ನಿಪುಣರು, ಸಜ್ಜನರು, ತಪ್ಪು ಅವರದಲ್ಲ. ಒಂದು ದಿನ ಅವರು ಹಲಗೆಯ ಮೇಲೆ ವಜ್ರಾಕೃತಿ ಬರೆದು, ‘ವಿಕರ್ಣಗಳು 8 ಮತ್ತು 10 ಸೆಂಟಿಮೀಟರ್, ವಿಸ್ತೀರ್ಣವೆಷ್ಟು?’ ಎಂದು ಕೇಳಿದರು. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು: ‘ಲಂಬಕೋನ ತ್ರಿಭುಜಕ್ಕೆ ವಿಕರ್ಣ ಒಂದೇ ಅಲ್ವಾ ಸರ್, ಇಲ್ಲಿ ಎರಡು ಹೇಗೆ?’ ತರಗತಿ ನಕ್ಕಿತು. ಹುಡುಗಿ ಆಮೇಲೆ ಆ ವರ್ಷವಿಡೀ ಪ್ರಶ್ನೆ ಕೇಳಲಿಲ್ಲ.

ಆಕೆ ಕೇಳಿದ್ದು ಸರಿಯೇ ಆಗಿತ್ತು. ಕನ್ನಡದಲ್ಲಿ ಲಂಬಕೋನದ ಎದುರಿನ ಬಾಹು ವಿಕರ್ಣ, ಚತುರ್ಭುಜದ ಎದುರುಬದುರು ಮೂಲೆಗಳನ್ನು ಸೇರಿಸುವ ರೇಖೆ ಕರ್ಣ. ಮಲಯಾಳದಲ್ಲಿ ನೇರ ತಿರುವುಮುರುವು: ಅಲ್ಲಿ ಮೊದಲನೆಯದು ಕರ್ಣಂ, ಎರಡನೆಯದು ವಿಕರ್ಣಂ. (ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಭುಜ, ಕೋಟಿ, ಕರ್ಣ ಎಂದೇ ಇರುವುದರಿಂದ ಹಳೆಯ ಬಳಕೆಯನ್ನು ಉಳಿಸಿಕೊಂಡವರು ಮಲಯಾಳದವರು; ಕನ್ನಡದ ಅಧ್ಯಾಪಿಕೆಯಾಗಿ ಇದನ್ನು ಒಪ್ಪಿಕೊಳ್ಳಲೇಬೇಕು.) ಒಂದೇ ಪದ, ಎರಡು ಅರ್ಥ. ಪರೀಕ್ಷೆಯ ಕೊಠಡಿಯಲ್ಲಿ ಇದನ್ನು ಬಿಡಿಸಿ ಹೇಳುವವರು ಯಾರೂ ಇರುವುದಿಲ್ಲ.

ಈ ಶಾಲೆಗೆ ಬದಲಾವಣೆ ಹೊಸತಲ್ಲ. ಇದು ಆರಂಭವಾದಾಗ ಈ ನಾಡು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರಿನಲ್ಲಿ ರಾಜ್ಯ ಬದಲಾಯಿತು. ಮರುವರ್ಷ ಏಪ್ರಿಲಿನಲ್ಲಿ ರೂಪಾಯಿಯ ಹದಿನಾರು ಆಣೆ ಹೋಗಿ ನೂರು ನಯೇ ಪೈಸೆ ಬಂತು. ಆಗ ಲೆಕ್ಕ ಕಲಿಸಿದವರು ಮಕ್ಕಳ ಭಾಷೆ ಬಲ್ಲವರಾಗಿದ್ದರು.

ಆದ್ದರಿಂದ ಇಲಾಖೆಯಲ್ಲಿ ನಮ್ಮ ವಿನಂತಿ ವಿನಾಯಿತಿಯದ್ದಲ್ಲ. ಕನ್ನಡ ಬಲ್ಲ ಗಣಿತ ಅಧ್ಯಾಪಕರು ಜೂನ್ ಮೊದಲ ದಿನವೇ ತರಗತಿಯಲ್ಲಿರಲಿ. ಕನ್ನಡದ ಪಠ್ಯಪುಸ್ತಕ ಅದೇ ದಿನ ಮಕ್ಕಳ ಕೈಯಲ್ಲಿರಲಿ. 24 ಅಂಕ ಕೇಳುವವರಿಂದ ಇಷ್ಟನ್ನು ಕೇಳುವ ಹಕ್ಕು ನಮಗಿದೆ.

ನಮ್ಮ ಪಾಲಿನ ಕೆಲಸವನ್ನು ಆರಂಭಿಸಿದ್ದೇವೆ. ಒಂಬತ್ತನೆಯ ತರಗತಿಯ ಪ್ರತಿಯೊಂದು ಮಗುವೂ ಒಂದು ಪದಪುಸ್ತಕ ಇಟ್ಟುಕೊಂಡಿದೆ: ಕನ್ನಡ, ಮಲಯಾಳ, ಇಂಗ್ಲಿಷ್ ಪದಗಳು ಒಂದೇ ಸಾಲಿನಲ್ಲಿ, ಪಕ್ಕದಲ್ಲಿ ಚಿತ್ರ. ವಾರಕ್ಕೆರಡು ದಿನ ಗಣಿತದ ಪ್ರಶ್ನೆಗಳನ್ನು ಬಿಡಿಸದೆ ಬರಿದೆ ಓದಿಸುತ್ತೇವೆ. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಎಂದು ಮಗು ತನ್ನ ಮಾತಿನಲ್ಲಿ ಹೇಳಬೇಕು, ತುಳುವಿನಲ್ಲಾದರೂ ಸರಿ. ಈ ತರಗತಿಯನ್ನು ನಾವೇ ತೆಗೆದುಕೊಳ್ಳುತ್ತಿದ್ದೇವೆ. ಐವತ್ತು ದಾಟಿದ ಮೇಲೆ ಬಹುಪದೋಕ್ತಿ ಕಲಿಯುವ ಭಾಗ್ಯ ನಮ್ಮದಾಯಿತು.

ಇಲ್ಲಿ ಕುಳಿತ ಹಳೆಯ ವಿದ್ಯಾರ್ಥಿಗಳಲ್ಲಿ ನಿವೃತ್ತ ಗಣಿತ ಅಧ್ಯಾಪಕರಿದ್ದೀರಿ, ಇಂಜಿನಿಯರುಗಳಿದ್ದೀರಿ, ಬ್ಯಾಂಕಿನಲ್ಲಿ ದುಡಿದವರಿದ್ದೀರಿ. ಶತಮಾನೋತ್ಸವದ ಕೊಡುಗೆಯಾಗಿ ಏನು ಬೇಕೆಂದು ಹಲವರು ಕೇಳಿದ್ದೀರಿ. ಶನಿವಾರ ಬೆಳಿಗ್ಗೆ ಎರಡು ಗಂಟೆ ಬಿಡುವು ಮಾಡಿಕೊಂಡು ಬನ್ನಿ. ಅಧ್ಯಾಪಕರ ಕೊಠಡಿಯ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇವೆ. ಊಟಕ್ಕೆ ಹೋಗುವ ಮೊದಲು ಅದರಲ್ಲಿ ಹೆಸರು ಬರೆಯಿರಿ.