ಬಿಟ್ಟುಹೋದವರು ಮರಳಿ ಬಂದಾಗ



2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಎಂಬ ಹೆವಿ ಮೆಟಲ್ ತಂಡ ಹಾಡಿತು. ವೇದಿಕೆಯ ಮೇಲಿದ್ದ ಆರೂ ಮಂದಿ ಆಗ ಐವತ್ತರ ಆಸುಪಾಸಿನವರು. ಸ್ಟೀವ್ ಹ್ಯಾರಿಸ್ 1975ರಲ್ಲಿ ಪೂರ್ವ ಲಂಡನ್ನಿನಲ್ಲಿ ಕಟ್ಟಿದ ತಂಡ ಅದು.

ಹೆವಿ ಮೆಟಲ್ ಎಂದರೆ ಬರೀ ಗದ್ದಲ ಎನ್ನುವವರು ಹ್ಯಾರಿಸ್ ಅವರ ಬೇಸ್ ಗಿಟಾರಿಗೆ ಒಮ್ಮೆ ಕಿವಿಗೊಡಬೇಕು. ಅವರು ತಂತಿಯನ್ನು ಬೆರಳಿನಿಂದಲೇ ಮೀಟುತ್ತಾರೆ. ಒಂದು ಉದ್ದದ ಪೆಟ್ಟು, ಬೆನ್ನಿಗೇ ಎರಡು ಗಿಡ್ಡ ಪೆಟ್ಟು. ಛಂದಸ್ಸು ಕಲಿತವರಿಗೆ ಕೂಡಲೇ ಹೊಳೆಯುತ್ತದೆ: ಒಂದು ಗುರು, ಎರಡು ಲಘು, ಅಂದರೆ ಭಗಣ. ಈ ನಾಗಾಲೋಟದ ಮೇಲೆಯೇ ತಂಡದ ಎಷ್ಟೋ ಹಾಡುಗಳು ನಿಂತಿವೆ.

ದಶಕಗಟ್ಟಲೆ ಬಾಳುವ ತಂಡದಲ್ಲಿ ಜಗಳವಾಗುತ್ತದೆ, ಜನ ಬಿಟ್ಟುಹೋಗುತ್ತಾರೆ. ಗಾಯಕ ಬ್ರೂಸ್ ಡಿಕಿನ್ಸನ್ 1993ರಲ್ಲಿ ಮೇಡನ್ ತೊರೆದರು. 1999ರಲ್ಲಿ ಮರಳಿದಾಗ, ಹಿಂದೆಯೇ ಬಿಟ್ಟಿದ್ದ ಗಿಟಾರಿಗ ಏಡ್ರಿಯನ್ ಸ್ಮಿತ್ ಕೂಡ ಬಂದರು. ಅಷ್ಟರಲ್ಲಿ ಸ್ಮಿತ್ ಜಾಗದಲ್ಲಿ ಯಾನಿಕ್ ಗರ್ಸ್ ಇದ್ದರು. ಅವರನ್ನು ಕಳಿಸಲಿಲ್ಲ. ಮೂರು ಗಿಟಾರುಗಳನ್ನೇ ಇಟ್ಟುಕೊಂಡು 2000ದಲ್ಲಿ 'ಬ್ರೇವ್ ನ್ಯೂ ವರ್ಲ್ಡ್' ಆಲ್ಬಂ ತಂದರು. ಹಾಡುಗಳು ಹಿಗ್ಗಿದವು, ಸ್ವರಗಳು ಒಂದರ ಮೇಲೊಂದು ಹೆಣೆದುಕೊಂಡವು. ಹಳೆಯ ತಂಡವೊಂದು ಚೆನ್ನಾಗಿ ಬಾಳುವುದು ಹೀಗೆ, ಬಂದವರಿಗೆ ಜಾಗ ಮಾಡಿಕೊಟ್ಟು.

ಇದನ್ನು ಇನ್ನೂ ಮುಂದಕ್ಕೆ ಒಯ್ದವರು ಜರ್ಮನಿಯ ಹ್ಯಾಂಬರ್ಗಿನ ಹೆಲೋವೀನ್ ತಂಡದವರು. ಪವರ್ ಮೆಟಲ್ ಎಂಬ ಬಗೆ ಬೇರೂರಿದ್ದೇ ಅವರಿಂದ. ಎರಡೂ ಕಾಲಿನಿಂದ ಎಡೆಬಿಡದೆ ಬಡಿಯುವ ಡ್ರಮ್, ತಾರಸ್ಥಾಯಿಯ ಕಂಠ, ಸಾವಿರಾರು ಜನ ಒಟ್ಟಿಗೆ ಹಾಡಬಲ್ಲ ಪಲ್ಲವಿ. 1987 ಮತ್ತು 1988ರ 'ಕೀಪರ್ ಆಫ್ ದ ಸೆವೆನ್ ಕೀಸ್' ಎಂಬ ಎರಡು ಆಲ್ಬಂಗಳಲ್ಲಿ ಇದೆಲ್ಲ ಮೈದುಂಬಿ ಬಂದಿದೆ. ಆಮೇಲೆ ತಂಡ ಒಡೆಯಿತು. ಗಿಟಾರಿಗ ಕೈ ಹ್ಯಾನ್ಸನ್ ಹೊರಟು ಗಾಮಾ ರೇ ಎಂಬ ತಂಡ ಕಟ್ಟಿದರು, ಗಾಯಕ ಮೈಕೆಲ್ ಕಿಸ್ಕೆ 1993ರಲ್ಲಿ ಹೊರಬಿದ್ದರು. ಡ್ರಮ್ ನುಡಿಸುತ್ತಿದ್ದ ಇಂಗೊ ಶ್ವಿಖ್ಟೆನ್‌ಬರ್ಗ್ 1995ರಲ್ಲಿ ತೀರಿಕೊಂಡರು.

ಹ್ಯಾನ್ಸನ್, ಕಿಸ್ಕೆ ಇಬ್ಬರೂ ಮರಳಿ ಬಂದ ಮೇಲೆ, 2021ರಲ್ಲಿ ತಂಡದ ಹೆಸರನ್ನೇ ಹೊತ್ತ ಆಲ್ಬಂ ಬಂತು. ಕಿಸ್ಕೆ ಬಿಟ್ಟ ಜಾಗವನ್ನು ಇಪ್ಪತ್ತು ವರ್ಷ ಮೀರಿ ತುಂಬಿದ್ದ ಆಂಡಿ ಡೆರಿಸ್ ಕೂಡ ಅದರಲ್ಲಿ ಹಾಡಿದ್ದಾರೆ. ಒಂದೇ ಹಾಡಿನಲ್ಲಿ ಡೆರಿಸ್ ಅವರ ಒರಟು ದನಿಯೂ ಕಿಸ್ಕೆಯವರ ನಿರಾಳ ಎತ್ತರದ ದನಿಯೂ ಕೈಬದಲಾಗುತ್ತವೆ. ಈಗಿನ ಡ್ರಮ್ಮರ್ ಡಾನಿ ಲೋಬ್ಲೆ ಈ ಆಲ್ಬಂಗೆ ನುಡಿಸಿದ್ದು ಇಂಗೊ ಅವರ ಹಳೆಯ ಡ್ರಮ್ಮುಗಳನ್ನು. ಇಲ್ಲದವನಿಗೂ ಜಾಗ ಸಿಕ್ಕಿತು. ನನಗೆ ಈ ಆಲ್ಬಂ ಅಷ್ಟು ಹತ್ತಿರವಾದದ್ದು ಇದಕ್ಕೇ.

ಬರ್ಮಿಂಗ್‌ಹ್ಯಾಮ್ ಕಡೆಯ ಜೂಡಾಸ್ ಪ್ರೀಸ್ಟ್ ತಂಡದ್ದು ಬೇರೆ ಕಷ್ಟ. ಗಿಟಾರಿಗ ಗ್ಲೆನ್ ಟಿಪ್ಟನ್ ತಮಗೆ ಪಾರ್ಕಿನ್ಸನ್ ಕಾಯಿಲೆ ಇರುವುದನ್ನು 2018ರಲ್ಲಿ ಬಹಿರಂಗಪಡಿಸಿದರು. ಅವರ ಪ್ರವಾಸ ನಿಂತರೂ ರಚನೆ ನಿಲ್ಲಲಿಲ್ಲ. 2024ರ 'ಇನ್‌ವಿನ್ಸಿಬಲ್ ಶೀಲ್ಡ್' ಆಲ್ಬಂನಲ್ಲಿ ಅವರ ಪಾಲಿದೆ. ಗಾಯಕ ರಾಬ್ ಹ್ಯಾಲ್‌ಫರ್ಡ್ ಅವರಿಗೆ ಆಗ ಎಪ್ಪತ್ತೆರಡು.

ಮುದುಕರಾದ ಮೇಲೆ ಮಾಡಿದ ಆಲ್ಬಂ ಹಳೆಯದರ ನೆರಳು ಎಂದು ತಳ್ಳಿಹಾಕಬೇಡಿ. ಮೊದಲು ಹೆಲೋವೀನ್ ತಂಡದ ಎರಡು 'ಕೀಪರ್'ಗಳನ್ನು ಕೇಳಿ, ಆಮೇಲೆ 2021ರದ್ದನ್ನು ಮೊದಲಿನಿಂದ ಕೊನೆಯವರೆಗೆ, ಹಾಡು ಹಾರಿಸದೆ ಕೇಳಿ.