ಹೊಸ ತೆನೆಯ ಹಬ್ಬ

ಕ್ರೈಸ್ತಧರ್ಮವು ಹುಟ್ಟಿದ ದೇಶದ ಋತುಕ್ರಮವೇ ಬೇರೆ, ನಮ್ಮ ತುಳುನಾಡಿನ ಋತುಕ್ರಮವೇ ಬೇರೆ. ಪಾಲೆಸ್ತೀನದಲ್ಲಿ ಬೇಸಗೆಯೆಂದರೆ ಮಳೆಯೇ ಇಲ್ಲದ ಕಾಲ. ಅಕ್ಟೋಬರ್ ತಿಂಗಳಿನ ಸುಮಾರಿಗೆ ಮೊದಲ ಮಳೆ ಬಿದ್ದು ನೆಲವು ಮೆತ್ತಗಾದ ಮೇಲೆ ಅಲ್ಲಿಯ ಒಕ್ಕಲಿಗನು ಬಿತ್ತುವನು. ಪಸ್ಕಹಬ್ಬದ ವೇಳೆಗೆ ಜವೆಗೋದಿಯ ತೆನೆ ಬಲಿಯುವುದು. ಪುತ್ತೂರಿನ ಕಡೆಯಲ್ಲಾದರೋ ಜೂನ್ ತಿಂಗಳಲ್ಲಿ ಹಿಡಿದ ಮಳೆಯು ಸೆಪ್ಟೆಂಬರಿನವರೆಗೆ ಬಿಡದು. ಈಸ್ಟರ್ ಹಬ್ಬವು ಬಾವಿಯ ನೀರು ತಳ ಕಂಡಿರುವ ಬಿರುಬಿಸಿಲಿನಲ್ಲಿ ಬರುವುದು. ಹೀಗಿರುವಲ್ಲಿ, ದೂರದೇಶದ ಪಂಚಾಂಗವನ್ನು ಹಿಡಿದು ಬಂದ ಧರ್ಮವು ಈ ಮಣ್ಣಿನ ಋತುಗಳೊಡನೆ ಹೊಂದಿಕೊಂಡ ಬಗೆ ಹೇಗೆ?

ಇದಕ್ಕೆ ಉತ್ತರವಾಗಿ ಒಂದು ಹಬ್ಬವನ್ನು ತಮ್ಮ ಮುಂದೆ ಇಡುತ್ತೇನೆ. ಸೆಪ್ಟೆಂಬರ್ 8ನೆಯ ದಿನವು ಕನ್ಯಾಮರಿಯಮ್ಮನವರ ಜನ್ಮೋತ್ಸವ. ತಿಥಿಯನ್ನು ಗೊತ್ತುಮಾಡಿದವರಿಗೆ ನಮ್ಮ ಸೋಣ ತಿಂಗಳ ಪರಿಚಯವಿರಲಿಲ್ಲ. ಆದರೂ ನಮ್ಮ ಏಣೆಲು ಬೆಳೆಯ ಮೊದಲ ತೆನೆಗಳು ಕಾಣಿಸಿಕೊಳ್ಳುವುದು ಅದೇ ಸಮಯದಲ್ಲಿ. ನೆರೆಮನೆಯ ಹಿಂದೂ ಬಾಂಧವರು ತೆನೆ ಕಟ್ಟಿ ಹೊಸ ಅಕ್ಕಿಯ ಊಟ ಮಾಡುವುದೂ ಈ ಋತುವಿನಲ್ಲಿಯೇ. ಹೀಗೆ ಇಲ್ಲಿಯ ಕೆಥೋಲಿಕರಿಗೆ ಮಾತೆಯ ಜನ್ಮದಿನವೂ ಹೊಸ ಬೆಳೆಯ ಹಬ್ಬವೂ ಒಂದಾದುವು. ಇದೇ ಮೊಂತಿ ಫೆಸ್ತ್. 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಬೆಟ್ಟದಲ್ಲಿ ಫಾದರ್ ಜೋಕಿಂ ಮಿರಾಂದರು ಇದನ್ನು ಮೊದಲು ಆಚರಿಸಿದರೆಂದು ಹೇಳುತ್ತಾರೆ.

ಒಂಬತ್ತು ದಿನಗಳ ಕಾಲ ಮಕ್ಕಳು ಹೂ ಕೊಯ್ದು ತಂದು ಬಾಲಮರಿಯಮ್ಮನ ಮೂರ್ತಿಗೆ ಎರಚುವರು. ಹಬ್ಬದ ದಿನ ಗುರುಗಳು ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುವರು. ಮನೆಯ ಹಿರಿಯರು ಆ ಭತ್ತವನ್ನು ಸುಲಿದು, ಪುಡಿಮಾಡಿ, ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸುವರು. ಆ ದಿನ ಮಾಂಸ ಮೀನುಗಳಿಲ್ಲ. ಬಾಳೆಯೆಲೆಯ ಮೇಲೆ ತರಕಾರಿಯ ಊಟ. ಪರದೇಶದಲ್ಲಿರುವ ಮಕ್ಕಳಿಗೆ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳುಹಿಸುವುದೂ ಉಂಟು.

ಕಳೆದ ವರ್ಷ ದರ್ಬೆಯ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಿರುವಾಗ ನನ್ನ ಮಗಳು ಕೇಳಿದಳು: "ಪಪ್ಪಾ, ನಮಗೆ ಗದ್ದೆಯೇ ಇಲ್ಲವಲ್ಲ. ಈ ತೆನೆ ಯಾರದು?" ನಾನು ಒಡನೆ ಉತ್ತರ ಕೊಡಲಾರದೆ ಹೋದೆನು. ನನ್ನ ಅಜ್ಜನಿಗೆ ಗದ್ದೆಯಿತ್ತು. ತಂದೆಯ ಕಾಲದಲ್ಲಿ ಅದು ಅಡಕೆಯ ತೋಟವಾಯಿತು. ಈ ಸೀಮೆಯ ಕಥೆಯೇ ಬಹುಮಟ್ಟಿಗೆ ಇದು. ಅಡಕೆ, ರಬ್ಬರು, ಕೊಕ್ಕೊಗಳು ಬಂದುವು. 1986ರಲ್ಲಿ ಕ್ಯಾಂಪ್ಕೊ ಸಂಸ್ಥೆಯ ಚಾಕೊಲೇಟು ಕಾರ್ಖಾನೆಯೂ ಪುತ್ತೂರಿನಲ್ಲಿ ನಿಂತಿತು. ಇದರಿಂದ ಸಂಸಾರಗಳು ನೆಮ್ಮದಿ ಕಂಡುವೆಂಬುದನ್ನು ಅಲ್ಲಗಳೆಯಲಾಗದು. ನನ್ನ ವಿದ್ಯಾಭ್ಯಾಸವೂ ಅಡಕೆಯ ಹಣದಿಂದಲೇ ನಡೆಯಿತು. ಆದರೆ ಹಬ್ಬದ ತೆನೆಯನ್ನು ಮಾತ್ರ ಹೊರಗಿನಿಂದ ತರಿಸಬೇಕಾಯಿತು.

ಮಗಳ ಪ್ರಶ್ನೆಗೆ ಉತ್ತರವನ್ನು ಆ ರಾತ್ರಿ ಧರ್ಮೋಪದೇಶಕಾಂಡದಲ್ಲಿ ಹುಡುಕಿದೆನು. ಪ್ರಥಮ ಫಲವನ್ನು ಬುಟ್ಟಿಯಲ್ಲಿ ತಂದ ಇಸ್ರಾಯೇಲನು, ತನ್ನ ಮೂಲಪುರುಷನು ನೆಲೆಯಿಲ್ಲದೆ ಅಲೆದವನೆಂದು ವೇದಿಯ ಮುಂದೆ ಹೇಳಿಕೊಳ್ಳಬೇಕು. ಬಳಿಕ ತನ್ನ ಸಂತೋಷದಲ್ಲಿ ಪರದೇಶಸ್ಥನನ್ನೂ ಸೇರಿಸಿಕೊಳ್ಳಬೇಕು. ನೆಲವು ತನ್ನ ಸ್ವಂತದ್ದೆಂಬ ಗರ್ವಕ್ಕೆ ಅಲ್ಲಿ ಎಡೆಯಿಲ್ಲ. ಹಾಗಾದರೆ ಗದ್ದೆಯಿಲ್ಲದವನೂ ತೆನೆಯನ್ನು ಸ್ವೀಕರಿಸಬಹುದು. ಆದರೆ ಅದನ್ನು ಬೆಳೆದವನಾರೆಂಬುದನ್ನು ತಿಳಿಯದೆ ಸ್ವೀಕರಿಸಿದರೆ ಕೃತಜ್ಞತೆಯು ಬರಿಯ ಬಾಯಿಮಾತಾಗುವುದು.

ಈ ವರ್ಷ ಜುಲೈ ತಿಂಗಳಲ್ಲಿ, ಇನ್ನೂ ಭತ್ತ ಬೆಳೆಯುವ ಪರಿಚಿತರೊಬ್ಬರ ಗದ್ದೆಗೆ ಮಗಳನ್ನು ಕರೆದೊಯ್ದೆನು. ಮಳೆಯಲ್ಲಿ ನೇಜಿ ನೆಡುತ್ತಿದ್ದ ಹೆಂಗಸರ ನಡುವೆ ಅವಳೂ ಮೊಣಕಾಲ ಕೆಸರಿನಲ್ಲಿ ನಿಂತು ಒಂದು ಸಾಲು ನೆಟ್ಟಳು, ಸಾಲು ಸೊಟ್ಟಗಾಯಿತು. ಹಿರಿಯ ಹೆಂಗಸೊಬ್ಬಳು ನಗುತ್ತ ಅದನ್ನು ಸರಿಪಡಿಸಿಕೊಟ್ಟಳು.

ಭೂಮಿಯಿರುವವರೆಗೂ ಬಿತ್ತನೆಯೂ ಕೊಯ್ಲೂ, ಚಳಿಯೂ ಸೆಕೆಯೂ ತಪ್ಪುವುದಿಲ್ಲವೆಂದು ಜಲಪ್ರಳಯದ ಬಳಿಕ ದೇವರು ಮಾತುಕೊಟ್ಟನೆಂದು ನಮ್ಮ ನಂಬಿಕೆ. ಋತುಗಳ ಮಾತು ಅವನದು. ಗದ್ದೆಯನ್ನೂ ಅದರಲ್ಲಿ ದುಡಿಯುವವರನ್ನೂ ಉಳಿಸಿಕೊಳ್ಳುವ ಹೊಣೆಯಾದರೋ ನಮ್ಮದು. ಮುಂದಿನ ಹಬ್ಬಕ್ಕೆ ತೆನೆ ಯಾರದೆಂದು ಮಗಳು ಕೇಳಲಾರಳು. ಆ ಹೆಂಗಸಿನ ಹೆಸರನ್ನು ಅವಳೀಗ ಬಲ್ಲಳು.