ನಿದ್ದೆ ಕೆಡಿಸುವವರ ಮುಂದೆ ನಾಲಿಗೆ ಕಟ್ಟಿಕೊಳ್ಳಬೇಡಿ
(ಬೆಂಗಳೂರಿನ ಬಡಾವಣೆಯೊಂದರ ಯುವಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಪಕ್ಕದ ಕಟ್ಟಡದ ಗದ್ದಲಕ್ಕೆ ಮೂರು ತಿಂಗಳು ನಿದ್ದೆಗೆಟ್ಟವನು. ಹಾಗೆ ನಿದ್ದೆಗೆಟ್ಟು ಕಲಿತದ್ದನ್ನು ನಿಮಗೆ ಹೇಳಿ ಹೋಗೋಣವೆಂದು ಬಂದಿದ್ದೇನೆ.

ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಐದು ಅಂತಸ್ತು ಏಳುತ್ತಿತ್ತು. ಅಪ್ಪನಿಗೆ ಆಗಷ್ಟೇ ಹೃದಯದ ಆಪರೇಷನ್ ಆಗಿತ್ತು. ತಂಗಿಗೆ ಪಿಯುಸಿ ಪರೀಕ್ಷೆ ಹತ್ತಿರವಿತ್ತು. ರಾತ್ರಿ ಹನ್ನೊಂದಾದ ಮೇಲೆ ಕಾಂಕ್ರೀಟ್ ಲಾರಿಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು. ಮೋಲ್ಡ್ ಹಾಕುವ ದಿನ ಬೆಳಗಿನ ಜಾವ ನಾಲ್ಕರವರೆಗೂ ವೈಬ್ರೇಟರ್ ಗುರುಗುಟ್ಟುತ್ತಿತ್ತು. ಅಪ್ಪ ಹಾಸಿಗೆಯ ಮೇಲೆ ಎದ್ದು ಕೂತು, ಎದೆಯ ಮೇಲೆ ಕೈಯಿಟ್ಟುಕೊಂಡು ಗೋಡೆ ನೋಡುತ್ತಿದ್ದರು. ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ.

ಒಂದು ರಾತ್ರಿ ತಡೆಯಲಾಗದೆ ಕೆಳಗಿಳಿದು ಹೋಗಿ ಅಲ್ಲಿದ್ದ ಹುಡುಗನೊಬ್ಬನ ಮೇಲೆ ಕೂಗಾಡಿದೆ. ಅವನು ಯಾದಗಿರಿಯ ಕಡೆಯವನು. ‘ಅಣ್ಣಾ, ನಮಗೂ ನಿದ್ದಿ ಬೇಕ್ರೀ. ಸಾವ್ಕಾರ್ರು ಹಾಕು ಅಂದ್ರ ಹಾಕ್ಬೇಕ್ರೀ’ ಅಂದ. ನನಗೆ ನಾಚಿಕೆಯಾಯಿತು. ಗೆಳೆಯರೆ, ಮೊದಲ ಮಾತು ಇದೇ. ಜಗಳ ಕೂಲಿಯವನ ಜೊತೆಗಲ್ಲ. ಅವನು ಯಾದಗಿರಿಯವನಾಗಲಿ, ಬಿಹಾರದವನಾಗಲಿ, ಆ ಯಂತ್ರದ ಸದ್ದು ನಮಗಿಂತ ಮೊದಲು ಅವನ ಕಿವಿಯನ್ನು ತಿನ್ನುತ್ತದೆ. ನಮ್ಮ ಜಗಳ ಆಜ್ಞೆ ಕೊಟ್ಟು ಮನೆಗೆ ಹೋಗಿ ಮಲಗಿದವನ ಜೊತೆ.

ಮರುದಿನ ಠಾಣೆಗೆ ಹೋದೆ. ‘ಒಂದೆರಡು ದಿನ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್’ ಅಂದರು. ಇಂಗ್ಲಿಷಿನಲ್ಲಿ ಬರೆದರೆ ತೂಕ ಜಾಸ್ತಿ ಎಂದುಕೊಂಡು ಒಂದು ಅರ್ಜಿ ಬರೆದೆ. ಕೊನೆಯಲ್ಲಿ ‘ಕೈಂಡ್ಲಿ ಡೂ ದಿ ನೀಡ್‌ಫುಲ್’ ಎಂದು ಮುಗಿಸಿದೆ. ಏನದು ನೀಡ್‌ಫುಲ್? ಅದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಾಗಲಿಲ್ಲ. ಅದರಲ್ಲಿ ತಾರೀಖಿಲ್ಲ, ಗಂಟೆಯಿಲ್ಲ, ಕಾನೂನಿನ ಹೆಸರಿಲ್ಲ. ಅರ್ಜಿ ಕಡತ ಸೇರಿತು, ಲಾರಿ ಮತ್ತೆ ಬಂತು.

ಆಮೇಲೆ ಕೂತು ಓದಿದೆ. ನೀವೂ ಕೇಳಿಸಿಕೊಳ್ಳಿ.

ಈ ದೇಶದಲ್ಲಿ 2000ನೇ ಇಸವಿಯಿಂದ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳಿವೆ. ಅವು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಕೂಸು. ಆ ಲೆಕ್ಕದಲ್ಲಿ ಹಗಲೆಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ರಾತ್ರಿಯೆಂದರೆ 10ರಿಂದ ಬೆಳಿಗ್ಗೆ 6. ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ಪ್ರದೇಶವನ್ನು ಸರ್ಕಾರ ಮೌನ ವಲಯವೆಂದು ಘೋಷಿಸಬಹುದು. ಅಲ್ಲಿ 50 ಮತ್ತು 40. ಡೆಸಿಬಲ್ ಲೆಕ್ಕ ನಮ್ಮ ಕಿರಾಣಿ ಅಂಗಡಿಯ ಲೆಕ್ಕದಂತಲ್ಲ. ಹತ್ತು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು ಏರಿದಂತೆ.

ಈಗ ನಮಗೆ ಮುಖ್ಯವಾದದ್ದು. 2010ರಲ್ಲಿ ಈ ನಿಯಮಗಳಿಗೆ ತಿದ್ದುಪಡಿಯಾಗಿ 5ಎ ಎಂಬ ನಿಯಮ ಸೇರಿತು. ವಾಸದ ಪ್ರದೇಶದಲ್ಲಿ ಮತ್ತು ಮೌನ ವಲಯದಲ್ಲಿ ರಾತ್ರಿ ಹೊತ್ತು ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ಬಳಸಕೂಡದು ಎಂದು ಅದು ಹೇಳುತ್ತದೆ. ಕಡಿಮೆ ಸದ್ದು ಮಾಡಿ ಎಂದಲ್ಲ, ಬಳಸಕೂಡದು ಎಂದು. ಹಗಲಿನ ಗದ್ದಲದ ಬಗ್ಗೆ ದೂರು ಕೊಡಬೇಕಾದರೆ ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಮೀರಿರಬೇಕು, ಅಳೆದು ನೋಡಬೇಕು. ರಾತ್ರಿಯ ನಿರ್ಬಂಧ ಮುರಿದರೆ ಆ ಅಳತೆಯ ಜಂಜಾಟವಿಲ್ಲ. ಯಂತ್ರ ಓಡುತ್ತಿತ್ತು, ಗಂಟೆ ಹತ್ತು ದಾಟಿತ್ತು, ಅಷ್ಟು ತೋರಿಸಿದರೆ ಸಾಕು. ‘ಮೀಟರ್ ಇದೆಯಾ ನಿಮ್ಮ ಹತ್ರ?’ ಎಂದು ಯಾರಾದರೂ ಕೇಳಿದರೆ ಹೆದರಬೇಡಿ. 5ಎ ಅನ್ನಿ.

ಕಂಟ್ರಾಕ್ಟರು ಹೇಳುವ ಸಬೂಬೂ ನಿಮಗೆ ಗೊತ್ತಿರಲಿ. ‘ಹಗಲು ದೊಡ್ಡ ಲಾರಿ ಊರೊಳಗೆ ಬಿಡಲ್ಲ, ಮೋಲ್ಡ್ ಅರ್ಧಕ್ಕೆ ನಿಲ್ಲಿಸೋಕಾಗಲ್ಲ’ ಅನ್ನುತ್ತಾರೆ. ಎರಡೂ ಪೂರ್ತಿ ಸುಳ್ಳಲ್ಲ. ದಟ್ಟಣೆಯ ಹೊತ್ತಿನಲ್ಲಿ ಲಾರಿಗಳಿಗೆ ನಿರ್ಬಂಧವಿದೆ, ಕಾಂಕ್ರೀಟು ಕೆಲವೇ ಗಂಟೆಗಳಲ್ಲಿ ಬಿಗಿಯುತ್ತದೆ. ಆದರೆ ಮೋಲ್ಡ್ ಯಾವ ದಿನ ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ. ಬೆಳಿಗ್ಗೆ ಶುರುಮಾಡಿ ರಾತ್ರಿ ಹತ್ತರೊಳಗೆ ಮುಗಿಯುವಷ್ಟು ಭಾಗವನ್ನೇ ಆ ದಿನಕ್ಕೆ ಇಟ್ಟುಕೊಳ್ಳಲಿ. ಅವರ ಯೋಜನೆಯ ಸೋಮಾರಿತನಕ್ಕೆ ನಮ್ಮ ಅಪ್ಪನ ಎದೆ ಏಕೆ ಬೆಲೆ ತೆರಬೇಕು?

ಹಾಗಾದರೆ ದೂರು ಯಾರಿಗೆ? ನಿಯಮದ ಪ್ರಕಾರ ಜಿಲ್ಲಾಧಿಕಾರಿ, ಪೊಲೀಸ್ ಕಮಿಷನರ್, ಇಲ್ಲವೆ ಡಿವೈಎಸ್ಪಿ ದರ್ಜೆಗೆ ಕಡಿಮೆಯಿಲ್ಲದಂತೆ ಸರ್ಕಾರ ನೇಮಿಸಿದ ಅಧಿಕಾರಿಗೆ. ಗದ್ದಲ ನಡೆಯುತ್ತಿರುವಾಗಲೇ 112ಕ್ಕೆ ಫೋನ್ ಮಾಡಿ. ಗಸ್ತಿನವರು ಬಂದು ನೋಡಿದರೆ ಅದೇ ಸಾಕ್ಷಿ. ಬೆಳಿಗ್ಗೆ ಠಾಣೆಗೆ ಹೋಗಿ ಬರವಣಿಗೆಯಲ್ಲಿ ಕೊಡಿ, ಪ್ರತಿಯನ್ನು ಕಮಿಷನರ್ ಕಚೇರಿಗೆ ಕಳಿಸಿ. ಇನ್ನೊಂದು ಪ್ರತಿ ನಗರಪಾಲಿಕೆಗೆ, ಏಕೆಂದರೆ ನಕ್ಷೆ ಮಂಜೂರು ಮಾಡಿದವರು ಅವರು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ. ನಿಮ್ಮ ಮನೆ ಯಾವ ಪಾಲಿಕೆಗೆ ಸೇರಿದೆ ಎಂದು ಮೊದಲು ತಿಳಿದುಕೊಳ್ಳಿ. ಹಗಲಿನ ಸದ್ದು ಮಿತಿ ಮೀರಿದ್ದರೆ ಅಳೆಯುವಂತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ. ಮೊಬೈಲಿನ ಅಳತೆ ನಿಮ್ಮ ತಿಳಿವಳಿಕೆಗೆ ಆದೀತು, ಅದನ್ನೇ ಪುರಾವೆ ಎಂದು ನಂಬಿ ಕೂರಬೇಡಿ.

ಅರ್ಜಿಯಲ್ಲಿ ಏನಿರಬೇಕು? ಕಟ್ಟಡದ ವಿಳಾಸ. ಯಾವ ತಾರೀಖು, ಎಷ್ಟು ಗಂಟೆಯಿಂದ ಎಷ್ಟರವರೆಗೆ. ಯಾವ ಯಂತ್ರ. ಅಕ್ಕಪಕ್ಕದ ನಾಲ್ಕು ಮನೆಯವರ ಸಹಿ. ನಿಯಮ 5ಎ ಎಂಬ ಮಾತು. ಕೊನೆಯಲ್ಲಿ ಬೇಕಾದದ್ದೇನು ಎಂಬುದು ಒಂದೇ ಸಾಲಿನಲ್ಲಿ: ‘ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಯಂತ್ರ ನಿಲ್ಲಿಸಿ’. ಸೀಲು, ಸಹಿ ಹಾಕಿದ ಸ್ವೀಕೃತಿ ಪಡೆಯದೆ ಕಚೇರಿ ಬಿಟ್ಟು ಏಳಬೇಡಿ. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹತ್ತು ರೂಪಾಯಿ ಕಟ್ಟಿ, ‘ನನ್ನ ದೂರಿನ ಮೇಲೆ ಏನು ಕ್ರಮವಾಯಿತು’ ಎಂದು ಕೇಳಿ. 30 ದಿನದೊಳಗೆ ಹೇಳಲೇಬೇಕು.

ಇಷ್ಟನ್ನೂ ಕನ್ನಡದಲ್ಲೇ ಬರೆಯಿರಿ. ಇದು ಅಭಿಮಾನದ ಮಾತಷ್ಟೇ ಅಲ್ಲ. ಸಂವಿಧಾನದ 350ನೇ ವಿಧಿ ನೋಡಿ. ತನ್ನ ಕುಂದುಕೊರತೆಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. 1963ರ ರಾಜಭಾಷಾ ಅಧಿನಿಯಮ ಕನ್ನಡವನ್ನು ಈ ರಾಜ್ಯದ ಆಡಳಿತ ಭಾಷೆ ಮಾಡಿದೆ. ನನ್ನ ಎರಡನೆಯ ಅರ್ಜಿ ಕನ್ನಡದ್ದು, ಒಂದೇ ಪುಟದ್ದು. ಕೆಳಗಿನ ಮನೆಯ ಅಜ್ಜಿ ಓದಿಸಿಕೊಂಡು, ಅರ್ಥ ಮಾಡಿಕೊಂಡು, ‘ಇದು ನನ್ನ ಮಾತೇ ಕಣಪ್ಪ’ ಅಂದು ಸಹಿ ಹಾಕಿದರು. ಇಂಗ್ಲಿಷ್ ಅರ್ಜಿಗೆ ನನ್ನೊಬ್ಬನ ಸಹಿಯಿತ್ತು. ಕನ್ನಡದ ಅರ್ಜಿಗೆ ಹದಿನಾಲ್ಕು.

ಆ ವಾರ ಇನ್ಸ್‌ಪೆಕ್ಟರು ಬಂದು ಹೋದರು. ರಾತ್ರಿ ಕೆಲಸ ನಿಂತಿತು. ತಿಂಗಳ ಕೊನೆಗೆ ಮತ್ತೊಮ್ಮೆ ಕದ್ದು ಶುರುಮಾಡಿದರು, ಮತ್ತೊಂದು ಅರ್ಜಿ ಹೋಯಿತು, ಮತ್ತೆ ನಿಂತಿತು. ಇದು ಒಂದು ದಿನದ ಕೆಲಸವಲ್ಲ ಎಂದು ತಿಳಿದಿರಲಿ. ಕಟ್ಟಡವೇನೂ ನಿಲ್ಲಲಿಲ್ಲ. ನಿಲ್ಲಿಸುವುದು ನಮ್ಮ ಉದ್ದೇಶವೂ ಆಗಿರಲಿಲ್ಲ. ಊರು ಬೆಳೆಯಲಿ, ಮನೆಗಳು ಏಳಲಿ, ಹಗಲಿನಲ್ಲಿ ಏಳಲಿ.

2005ರ ಜುಲೈನಲ್ಲಿ ಸುಪ್ರೀಂ ಕೋರ್ಟು ಶಬ್ದ ಮಾಲಿನ್ಯದ ಬಗ್ಗೆ ತೀರ್ಪು ಕೊಡುತ್ತಾ, ಗದ್ದಲದ ಕಾಟವಿಲ್ಲದೆ ಬದುಕುವುದು 21ನೇ ವಿಧಿಯ ಜೀವಿಸುವ ಹಕ್ಕಿಗೇ ಸೇರಿದ್ದು ಎಂದಿತು. ನಿದ್ದೆ ಯಾರೋ ದಯಪಾಲಿಸುವ ಭಿಕ್ಷೆಯಲ್ಲ. ಆದರೆ ಕೇಳದವನಿಗೆ ಹಕ್ಕೂ ಸಿಗುವುದಿಲ್ಲ. ನಿಮ್ಮ ಬೀದಿಯಲ್ಲಿ ಇಂಗ್ಲಿಷ್ ಬಾರದೆ, ಕಚೇರಿಯ ಮೆಟ್ಟಿಲಿಗೆ ಅಂಜಿ, ಹಾಸಿಗೆಯಲ್ಲಿ ಎದ್ದು ಕೂತಿರುವ ಒಬ್ಬ ಮುದುಕ ಇದ್ದೇ ಇರುತ್ತಾನೆ. ಇವತ್ತು ಇಲ್ಲಿಂದ ಹೋಗಿ ಅವನ ಮನೆ ಬಾಗಿಲು ತಟ್ಟಿ. ಅರ್ಜಿ ನೀವು ಬರೆದುಕೊಡಿ, ಠಾಣೆಗೆ ಜೊತೆಯಲ್ಲಿ ಹೋಗಿ. ಕನ್ನಡದ ಕೆಲಸವೆಂದರೆ ಇದೂ ಹೌದು.

ನಮ್ಮಪ್ಪ ಈಗ ರಾತ್ರಿ ಮಲಗುತ್ತಾರೆ. ನಿಮ್ಮ ಅಪ್ಪಂದಿರೂ ಮಲಗಲಿ.

ಸಿರಿಗನ್ನಡಂ ಗೆಲ್ಗೆ.